ಶೆಟ್ರ ಅಂಗಡಿಯಲ್ಲೊಂದು ತಿಂಗಳು, ಮಾರ್ಟ್‌ನಲ್ಲೊಂದು ತಿಂಗಳು

ಹನುಮಂತನಗರದಲ್ಲಿ ನಮ್ಮ ರಸ್ತೆಯ ಮೂಲೆಯಲ್ಲೊಂದು ಹೆಂಚಿನ ಮನೆ ಇತ್ತು. ಅದನ್ನು ಕೆಡವಿ ಕಟ್ಟಿದ ಕಟ್ಟಡಕ್ಕೆ ಈಗ ಊರೆಲ್ಲ ಶಾಖೆಗಳಿರುವ ದೊಡ್ಡ ಮಾರ್ಟ್ ಬಂದಿದೆ. ಬರುತ್ತದೆ ಅಂತ ಗೊತ್ತಾದ ದಿನದಿಂದ ರಸ್ತೆ ಎರಡು ಪಾಲು. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವವರಲ್ಲಿ ಅರ್ಧ ಮಂದಿ, ಇದನ್ನು ಮುಚ್ಚಿಸಿ ಅಂತ ಪಾಲಿಕೆಗೆ ಕೊಡುವ ಅರ್ಜಿಗೆ ಸಹಿ ಸಂಗ್ರಹಿಸುತ್ತಿದ್ದಾರೆ. ಇನ್ನರ್ಧ ಮಂದಿ ಮಾರ್ಟ್‌ನ ಚೀಲ ಹಿಡಿದುಕೊಂಡೇ ವಾಕಿಂಗ್‌ಗೆ ಬರುತ್ತಾರೆ. ನನ್ನ ಹತ್ತಿರ ಸಹಿ ಕೇಳಿದಾಗ ಎರಡು ತಿಂಗಳು ಸಮಯ ಕೊಡಿ ಅಂದೆ. ಮೊದಲ ತಿಂಗಳು ಇಡೀ ಚೀಟಿ ಶೆಟ್ರ ಅಂಗಡಿಗೆ, ಮುಂದಿನ ತಿಂಗಳು ಅದೇ ಚೀಟಿ ಮಾರ್ಟ್‌ಗೆ. ಮನೆಯಲ್ಲಿ ನಾವು ಐದು ಜನ.

ಎಲ್ಲರೂ ಮೊದಲು ಕೇಳುವುದು ರೇಟು, ಅದನ್ನೇ ಹೇಳಿಬಿಡುತ್ತೇನೆ. ಸುಮಾರು ಆರು ಸಾವಿರದ ಬಿಲ್ಲಿನಲ್ಲಿ ಮಾರ್ಟ್‌ನಲ್ಲಿ 340 ರೂಪಾಯಿ ಉಳಿಯಿತು. ಸುಳ್ಳಲ್ಲ, ನಿಜವಾಗಿ ಉಳಿಯಿತು. ಆದರೆ ಉಳಿದಿದ್ದು ಎಲ್ಲಿ ಅಂತ ಎರಡೂ ಬಿಲ್ ಪಕ್ಕಪಕ್ಕ ಇಟ್ಟು ನೋಡಿದೆ. ಎಣ್ಣೆ, ಸೋಪು, ಬಟ್ಟೆ ಪುಡಿ, ಟೀ ಪುಡಿ, ಬಿಸ್ಕತ್ತು, ಹೀಗೆ ಕಂಪನಿಯಿಂದ ಪ್ಯಾಕೆಟ್ಟಾಗಿಯೇ ಬರುವ ಸಾಮಾನಿನಲ್ಲಿ ಮಾತ್ರ. ಅಲ್ಲಿ ಶೆಟ್ರು ಎಂಆರ್‌ಪಿಗಿಂತ ಎರಡೋ ಮೂರೋ ರೂಪಾಯಿ ಬಿಡುತ್ತಾರೆ, ಅದಕ್ಕಿಂತ ಹೆಚ್ಚು ಅವರ ಕೈಲಾಗುವುದಿಲ್ಲ. ತೊಗರಿಬೇಳೆ, ಉದ್ದಿನಬೇಳೆ, ಧನಿಯ, ಹುಣಸೆಹಣ್ಣಿಗೆ ಬಂದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ. ತೂಗಿ ಪೊಟ್ಟಣ ಕಟ್ಟಿಕೊಡುವ ಬೇಳೆಗೆ ಜಿಎಸ್‌ಟಿ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ ಶೇ 5 ತೆರಿಗೆ ಇದೆ. ಶೆಟ್ರ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟ ಅಕ್ಕಿ ಮೂಟೆಗಳು 26 ಕೆಜಿಯವು ಯಾಕೆ ಅಂತ ನನಗೆ ಅರ್ಥವಾಗಿದ್ದು ಆ ಲೆಕ್ಕ ಹಾಕುವಾಗಲೇ.

ಅಕ್ಕಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮ ಮನೆಯಲ್ಲಿ ತೀರ್ಮಾನವಾಗಿದ್ದು ಅಲ್ಲೇ. ಮಾರ್ಟ್‌ನ ಚೀಲದ ಮೇಲೆ ಸೋನಾ ಮಸೂರಿ ಅಂತಲೇ ಇತ್ತು, ಕಾಳೂ ಬಿಳಿ, ಕಲ್ಲಿಲ್ಲ, ನುಚ್ಚಿಲ್ಲ. ನಮ್ಮತ್ತೆ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಒಂದನ್ನು ಹಲ್ಲಿಗಿಟ್ಟು ಕಚ್ಚಿ, "ಹೊಸ ಅಕ್ಕಿ ಕಣೇ, ಮುದ್ದೆಯಾಗುತ್ತೆ" ಅಂದರು. ಹಳೇ ಅಕ್ಕಿ ಕಟ್ ಅಂತ ಮುರಿಯಬೇಕು, ಇದು ಹಲ್ಲಿಗೆ ಮೆತ್ತಗೆ ಸಿಕ್ಕಿತಂತೆ. ನೀರು ಕಮ್ಮಿ ಮಾಡಿ ಎರಡು ವಿಷಲ್ ಕೂಗಿಸಿದರೂ ಅನ್ನ ಅಂಟಿಕೊಂಡೇ ಬಂತು, ಚಿತ್ರಾನ್ನಕ್ಕೆ ಆಗಲಿಲ್ಲ. ವಾಪಸ್ ಮಾಡಲು ಹೋದರೆ ಚೀಲ ಬಿಚ್ಚಿದೆ, ಆಗಲ್ಲ ಮೇಡಂ ಅಂದರು. ಕೌಂಟರಿನ ಹುಡುಗಿಯದೇನೂ ತಪ್ಪಿಲ್ಲ, ಅವಳಿಗೆ ಕೊಟ್ಟಿರುವ ನಿಯಮ ಅದು. ಹೋದ ವರ್ಷ ಇದೇ ತೊಂದರೆಯಾದಾಗ ಶೆಟ್ರು ನಾಲ್ಕು ಪಾವು ಬಳಸಿದ್ದ ಮೂಟೆಯನ್ನು ವಾಪಸ್ ತೆಗೆದುಕೊಂಡು ಬೇರೆ ಕಳಿಸಿದ್ದರು. ಬೇಳೆ ಕೇಳಿದರೂ ಅಷ್ಟೇ, "ಈ ಲಾಟ್ ಬೇಗ ಬೇಯಲ್ಲಮ್ಮ, ಅರ್ಧ ಕೆಜಿ ತಗೊಂಡ್ ಹೋಗಿ, ಸೋಮವಾರ ಕಲಬುರಗಿ ಬೇಳೆ ಬರುತ್ತೆ" ಅಂತ ಅವರೇ ಹೇಳುತ್ತಾರೆ.

ಹಾಗಂತ ಶೆಟ್ರದ್ದೆಲ್ಲ ಸರಿ ಅಂತ ಅಲ್ಲ. ಆ ತಿಂಗಳು ಬಂದ ಒಂದು ಶಾವಿಗೆ ಪ್ಯಾಕೆಟ್ಟಿನ ಅವಧಿ ಮುಗಿದು ಎರಡು ತಿಂಗಳಾಗಿತ್ತು, ರವೆಯಲ್ಲಿ ಹುಳ. ಬದಲಿಸಿ ಕೊಟ್ಟರು, ಆದರೆ ನಾನು ನೋಡದಿದ್ದರೆ? 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಅವರೂ ಹೆದರಿ ಕ್ಯೂಆರ್ ಹಲಗೆ ತೆಗೆದು ‘ನಗದು ಮಾತ್ರ’ ಅಂತ ಬರೆದು ಅಂಟಿಸಿದ್ದರು. ಅವರ ಕಷ್ಟ ಅರ್ಥವಾಗುತ್ತದೆ, ಆದರೂ ಕೊತ್ತಂಬರಿ ಬೀಜಕ್ಕೆ ಎಟಿಎಂ ಹುಡುಕಿಕೊಂಡು ಹೋಗಿದ್ದು ನಾನೇ. ಮಾರ್ಟ್‌ನಲ್ಲಿ ಈ ತಾಪತ್ರಯಗಳಿಲ್ಲ. ತಾರೀಖು ನೋಡಿ ಎತ್ತಿಕೊಳ್ಳಬಹುದು, ಯಾರೂ ಕಾಯಿಸುವುದಿಲ್ಲ. ಮಂಡಿನೋವಿರುವ ನಮ್ಮಮ್ಮ ತಳ್ಳುಗಾಡಿ ಹಿಡಿದು ನಿಧಾನವಾಗಿ ಓಡಾಡಿ ತನಗೆ ಬೇಕಾದ್ದನ್ನು ತಾನೇ ಆರಿಸಿದರು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ಒಂದು ಎಚ್ಚರ ಮಾತ್ರ ಬೇಕು: ಕಡಲೆಬೇಳೆಗೆ ಕಪಾಟಿನ ಮೇಲೆ ಬರೆದಿದ್ದಕ್ಕಿಂತ 18 ರೂಪಾಯಿ ಹೆಚ್ಚು ಬಿಲ್ಲಾಗಿತ್ತು. ಕೇಳಿದ ಮೇಲೆ ಸರಿಮಾಡಿದರು.

ತರಕಾರಿ ಎರಡೂ ಕಡೆ ಬೇಡ. ಮಾರ್ಟ್‌ನ ಸೊಪ್ಪು ಪ್ಲಾಸ್ಟಿಕ್ಕಿನಲ್ಲಿ ಬೆವರಿರುತ್ತದೆ, ಶೆಟ್ರ ಹತ್ತಿರ ಈರುಳ್ಳಿ ಆಲೂಗಡ್ಡೆ ಬಿಟ್ಟು ಬೇರೆ ಇಲ್ಲ. ಬೆಳಿಗ್ಗೆ ಗಾಡಿ ತರುವ ಅಕ್ಕನ ದಂಟು, ಸಬ್ಬಸಿಗೆ, ಇಲ್ಲವೇ ಹಾಪ್‌ಕಾಮ್ಸ್. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾದ ಸಂಸ್ಥೆ, ಇವತ್ತಿಗೂ ಹಲಗೆಯ ಮೇಲೆ ಅವತ್ತಿನ ದರ ಬರೆದಿಡುತ್ತದೆ.

ಈ ಹೋಲಿಕೆಯಲ್ಲಿ ನಾನು ಎಣಿಸಿಯೇ ಇರದಿದ್ದ ಒಂದು ವಿಷಯ ಒಂದು ಸಂಜೆ ಕಣ್ಣಿಗೆ ಬಿತ್ತು. ಏಳೂವರೆಗೆ ಶೆಟ್ರ ಅಂಗಡಿಯಲ್ಲಿ ನನ್ನ ಚೀಟಿ ಕಟ್ಟುವವರೆಗೂ ನಿಂತಿದ್ದೆ. ಅರ್ಧ ಗಂಟೆಯಲ್ಲಿ ಬಂದ 14 ಜನರಲ್ಲಿ ಒಂಬತ್ತು ಮಂದಿಯದು ಐವತ್ತು ರೂಪಾಯಿಯೊಳಗಿನ ವ್ಯಾಪಾರ. ಕಾಲು ಕೆಜಿ ಸಕ್ಕರೆ, ಎರಡು ಮೊಟ್ಟೆ, ಹತ್ತು ರೂಪಾಯಿ ಕಾಫಿಪುಡಿ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯೂ ಅದರಲ್ಲಿದ್ದಳು. "ಅಣ್ಣ, ಬರ್ಕೊಳ್ಳಿ" ಅಂದಳು. ಶೆಟ್ರು ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಉದ್ದನೆಯ ಪುಸ್ತಕದಲ್ಲಿ ಬರೆದರು, ಕತ್ತು ಎತ್ತಲೂ ಇಲ್ಲ. ಮಾರ್ಟ್‌ನಲ್ಲಿ ಮೊಟ್ಟೆ ಆರಕ್ಕೆ ಕಮ್ಮಿ ಇಲ್ಲ, ಜೀರಿಗೆ ನೂರು ಗ್ರಾಂಗೆ ಕಮ್ಮಿ ಇಲ್ಲ, ಬರೆದುಕೊಳ್ಳುವ ಪುಸ್ತಕವಂತೂ ಇಲ್ಲವೇ ಇಲ್ಲ. ನನಗೆ ಎರಡು ಅಂಗಡಿ ಇವೆ, ಆಕೆಗೆ ಇರುವುದು ಒಂದೇ. ಆ ಅಂಗಡಿ ನಿಂತಿರುವುದು ನಮ್ಮಂಥವರ ತಿಂಗಳ ಚೀಟಿಯಿಂದ. ನಾವೆಲ್ಲ 340 ರೂಪಾಯಿ ಉಳಿಸಲು ಹೊರಟರೆ ಶೆಟ್ರಿಗೆ ಬಾಡಿಗೆ ಕಟ್ಟಲಾಗುವುದಿಲ್ಲ.

2003ರಲ್ಲಿ ಯಶವಂತಪುರದಲ್ಲಿ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ತೆರೆದಾಗಲೂ ಹೀಗೇ ಹೆದರಿದ್ದಿರಲ್ಲ ಅಂತ ಶೆಟ್ರನ್ನು ಕೇಳಿದೆ. "ಅದು ಹೋಲ್‌ಸೇಲ್ ಅಮ್ಮ, ಸೋಪು ಡಬ್ಬ ನಾನೇ ಅಲ್ಲಿಂದ ತರ್ತಾ ಇದ್ದೆ. ಇದು ಹಾಗಲ್ಲ, ನನ್ನ ಗಿರಾಕಿ ನನ್ನ ಅಂಗಡಿ ದಾಟಿಕೊಂಡೇ ಅಲ್ಲಿಗೆ ಹೋಗ್ತಾರೆ" ಅಂದರು.

ಈಗ ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಅಕ್ಕಿ, ಬೇಳೆ, ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ, ಕೊಬ್ಬರಿ, ಸಾಂಬಾರ ಸಾಮಾನು, ಎಣ್ಣೆಯೂ ಸೇರಿ ಶೆಟ್ರಲ್ಲಿ. ಸೋಪು, ಬಟ್ಟೆ ಪುಡಿ, ಬಿಸ್ಕತ್ತು ಮಾರ್ಟ್‌ನಲ್ಲಿ, ಅಮ್ಮನ ಜೊತೆ ತಿಂಗಳಿಗೊಮ್ಮೆ.

ಅರ್ಜಿಯ ವಿಷಯದಲ್ಲಿ ಪಾರ್ಕಿನ ಹಿರಿಯರ ಒಂದು ದೂರು ನೂರಕ್ಕೆ ನೂರು ನಿಜ. ಬೆಳಗಿನ ಐದಕ್ಕೆ ಲಾರಿ ಬಂದು ನಮ್ಮ ಸಣ್ಣ ರಸ್ತೆ ಕಟ್ಟುತ್ತದೆ, ಕ್ರೇಟು ಎಸೆಯುವ ಸದ್ದಿಗೆ ಎದುರುಮನೆಯ ಮಗು ಎದ್ದು ಅಳುತ್ತದೆ. ಪಾರ್ಕಿಂಗ್‌ಗೆ ಅಂತ ಕಟ್ಟಿದ ನೆಲಮಾಳಿಗೆ ಗೋದಾಮಾಗಿದೆ, ಬಂದವರ ಸ್ಕೂಟರೆಲ್ಲ ನಮ್ಮ ಗೇಟಿನ ಮುಂದೆ. ‘ಮಳಿಗೆಯನ್ನು ಮುಚ್ಚಿಸಬೇಕು’ ಅನ್ನುವ ಸಾಲು ಹೊಡೆದು, ‘ಬೆಳಿಗ್ಗೆ ಏಳಕ್ಕೆ ಮೊದಲು ಲಾರಿ ಬರಬಾರದು, ನೆಲಮಾಳಿಗೆ ಖಾಲಿ ಮಾಡಿ ಗಾಡಿ ನಿಲ್ಲಿಸಲು ಬಿಡಬೇಕು’ ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ ಕೊಟ್ಟಿದ್ದೇನೆ.