ಎರೆ ಕೆಸರಿನಲ್ಲಿ ಖಾಲಿ ವ್ಯಾನು: ಟೈರು, ಸರಪಳಿ, ಭಾರ, ಗಾಳಿ

ಸಿಂಧನೂರಿನ ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ನನ್ನ ಕಸುಬು. ಹೋಗುವಾಗ ನನ್ನ ಮಾರುತಿ ಈಕೊ ವ್ಯಾನಿನ ತುಂಬ ಕೊಪ್ಪರಿಗೆ, ಹಂಡೆ. ಇಳಿಸಿ ಬರುವಾಗ ಖಾಲಿ. ಹೂತುಕೊಳ್ಳುವುದು ಯಾವಾಗಲೂ ಬರುವಾಗಲೇ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಬಂಡಿಯನ್ನು ನೂಕುವುದು ಹಿಂದಿನ ಚಕ್ರಗಳು. ಸರಕು ಇಳಿದರೆ ಅವುಗಳ ಮೇಲೆ ಹೆಚ್ಚು ಭಾರ ಉಳಿಯುವುದಿಲ್ಲ. ಎಂಜಿನ್ನಿನ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಸಾದಾ ಬಗೆಯದಾದ್ದರಿಂದ ಒಂದು ಚಕ್ರ ಕೆಸರಿನಲ್ಲಿ ಗಿರಗಿರನೆ ತಿರುಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ. ಇದು ಬಂಡಿಯ ತಪ್ಪಲ್ಲ. ಎರೆ ಹೊಲದ ದಾರಿಗೆಂದು ಅದನ್ನು ಯಾರೂ ಮಾಡಿಲ್ಲ.

ಮೊದಲು ದುಡ್ಡು ಸುರಿದದ್ದು ಬಟನ್ ಟೈರಿಗೆ, ಅಂದರೆ ಮೈತುಂಬ ದಪ್ಪ ಗುಬುಟುಗಳಿರುವ ಟೈರಿಗೆ. ಮಸಾರಿಯ ಕೆಂಪು ನೆಲದಲ್ಲಿ, ಗರಸು ಹಾಕಿದ ದಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಲಿಂಗಸುಗೂರು ಕಡೆಯ ಕಲ್ಲು ದಿಬ್ಬಗಳನ್ನು ಮೇಕೆಯಂತೆ ಹತ್ತಿತು. ಎರೆಯ ಕಪ್ಪು ಮಣ್ಣಿನ ಮಾತೇ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಚಕ್ರ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಬಟನ್‌ಗಳ ಸಂದುಗಳೆಲ್ಲ ಮೆತ್ತಿಕೊಂಡು, ಟೈರು ನುಣ್ಣನೆಯ ಕರಿಮುದ್ದೆಯಾಯಿತು. ಕಡ್ಡಿ ಹಿಡಿದು ಕೆರೆಯುತ್ತ ಕುಳಿತರೆ ಒಂದು ಚಕ್ರಕ್ಕೇ ಕಾಲು ಗಂಟೆ ಬೇಕು.

ಟೈರಿಗೆ ಸುತ್ತುವ ಸರಪಳಿಯ ಕಥೆ ಚಿಕ್ಕದು. ಮನಾಲಿಗೆ ಹೋಗಿದ್ದ ಸೋದರಳಿಯ ತಂದುಕೊಟ್ಟಿದ್ದ. ಅಲ್ಲಿ ಹಿಮ ಒತ್ತಿ ಗಟ್ಟಿಯಾದ ದಾರಿಯಲ್ಲಿ ಕೊಂಡಿಗಳು ಕಚ್ಚಿ ಹಿಡಿಯುತ್ತವೆ. ಇಲ್ಲಿ ಕೊಂಡಿಗಳ ನಡುವೆ ಕೆಸರು ತುಂಬಿ, ಮಡ್ಗಾರ್ಡಿನೊಳಗೂ ಗಿಡಿದುಕೊಂಡು ಚಕ್ರ ತಿರುಗುವುದೇ ಕಷ್ಟವಾಯಿತು. ಈಗ ಅದು ಎಮ್ಮೆ ಕಟ್ಟುವ ಗೂಟದಲ್ಲಿದೆ.

ನಿಜವಾದ ಪೈಪೋಟಿ ಇದ್ದದ್ದು ಖರ್ಚಿಲ್ಲದ ಎರಡು ಉಪಾಯಗಳ ನಡುವೆ.

ಒಂದು, ಹಿಂದಿನ ಅಚ್ಚಿನ ಮೇಲೆ ಮರಳಿನ ಚೀಲ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ದಾರಿಯಲ್ಲಿ ಮೇಲೆ ಎರಡು ಬೆರಳಿನಷ್ಟು ಜಾರು ಕೆಸರು, ಅಡಿಯಲ್ಲಿ ಗಟ್ಟಿ ನೆಲ. ನಾಲ್ಕು ಚೀಲ ಹಾಕಿದ ದಿನ ಚಕ್ರ ಆ ಕೆಸರನ್ನು ಸೀಳಿ ಅಡಿಯ ನೆಲವನ್ನು ಹಿಡಿಯಿತು; ಖಾಲಿ ಹೋದ ದಿನ ಹಿಂಭಾಗ ಕಾಲುವೆಯ ಕಡೆಗೇ ಜಾರಿತು. ಆದರೆ ನೀರು ಬಿಟ್ಟ ಗದ್ದೆಗಳ ನಡುವಿನ ಬಂಡಿದಾರಿಗೆ ಇದೇ ಉಪಾಯ ತಿರುಗುಬಾಣವಾಯಿತು. ಅಲ್ಲಿ ಅಡಿಯಲ್ಲೂ ಮೆತ್ತನೆಯೇ. ಭಾರ ಹೆಚ್ಚಿದಷ್ಟೂ ಚಕ್ರ ಇಳಿಯುತ್ತ ಹೋಯಿತು.

ಅಂಥ ಕಡೆ ಗೆದ್ದದ್ದು ಗಾಳಿ ಇಳಿಸುವುದು. 34 ಪಿಎಸ್‌ಐ ಇದ್ದ ಗಾಳಿಯ ಒತ್ತಡವನ್ನು 18ಕ್ಕೆ ತಂದೆ. ಟೈರಿನ ಪಾದ ಉದ್ದವಾಗಿ, ಒಂಟೆಯ ಹೆಜ್ಜೆಯ ಹಾಗೆ ಹರಡಿಕೊಂಡು, ವ್ಯಾನು ಮೇಲೆಮೇಲೆಯೇ ದಾಟಿತು. 15ಕ್ಕೆ ಇಳಿಸುವ ದುರಾಸೆ ಮಾಡಿದ ದಿನ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಎದ್ದು ಬಂತು, ಕತ್ತಲಲ್ಲಿ ಜಾಕ್ ಕೂಡ ಹೂತುಹೋಯಿತು. ಟಾರು ರಸ್ತೆ ಸಿಕ್ಕ ಕೂಡಲೇ ಮತ್ತೆ ಗಾಳಿ ತುಂಬದಿದ್ದರೆ ಟೈರಿನ ಪಕ್ಕ ಕಾದು ಹಾಳಾಗುತ್ತದೆ. ಆದ್ದರಿಂದ ಕಾಲಿನ ಪಂಪ್ ಸದಾ ಜೊತೆಗಿರುತ್ತದೆ.

ಹ್ಯಾಂಡ್ ಬ್ರೇಕನ್ನು ಎರಡು ಮೂರು ಹಲ್ಲು ಎಳೆದು ನಿಧಾನವಾಗಿ ಆಕ್ಸಿಲರೇಟರ್ ಒತ್ತುವ ಉಪಾಯವನ್ನು ಒಬ್ಬ ಲಾರಿ ಚಾಲಕರು ಹೇಳಿಕೊಟ್ಟರು. ಪುಕ್ಕಟೆ ತಿರುಗುವ ಚಕ್ರಕ್ಕೆ ತಡೆ ಬಿದ್ದಾಗ ಸುಮ್ಮನಿದ್ದ ಚಕ್ರಕ್ಕೂ ಬಲ ಸಿಗುತ್ತದೆ. ಹತ್ತರಲ್ಲಿ ನಾಲ್ಕು ಸಲ ಕೆಲಸ ಮಾಡಿದೆ. ಅದಕ್ಕಿಂತ ಹೆಚ್ಚು ನೆಚ್ಚಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ.

ಕೊನೆಗೆ ಮರಳನ್ನೇ ಉಳಿಸಿಕೊಂಡಿದ್ದೇನೆ. ಮೆತ್ತನೆ ದಾರಿ ಬಂದರೆ ಚೀಲ ಇಳಿಸಿ ಗಾಳಿ ಇಳಿಸುತ್ತೇನೆ, ಹೂತರೆ ಒಂದು ಚೀಲ ಬಿಚ್ಚಿ ಚಕ್ರದಡಿ ಸುರಿಯುತ್ತೇನೆ. ಈಗ ಜೋಡಿ ಗೋಣಿಯಲ್ಲೇ ಕಟ್ಟುವುದು. ಒಮ್ಮೆ ಚೀಲ ಹರಿದು, ಬೀಗರ ಊಟದ ಅನ್ನದಲ್ಲಿ ಮರಳು ಸಿಕ್ಕಿ, ಬಾಡಿಗೆ ಕೇಳಲು ಹೋದವನು ಬಯ್ಗುಳ ತಿಂದು ಬಂದಿದ್ದೆ.