ಕಾರ್ಡಿನಿಂದ ಅಪ್ಲಿಕೇಶನ್‌ಗೆ ಮೂರು ದಾರಿ: ನಡೆದು ನೋಡಿದ ಮೇಲೆ

ನೆಟ್‌ವರ್ಕ್ ನಿಧಾನವಾದರೆ ಎಲ್ಲರೂ ಮೊದಲು ಬೈಯುವುದು ಕೇಬಲನ್ನು. ನಾನು ಕಂಡಂತೆ ಕಳೆದುಹೋಗುವ ಹೆಚ್ಚಿನ ಪ್ಯಾಕೆಟ್‌ಗಳು (ದತ್ತಾಂಶದ ತುಣುಕುಗಳು) ಕೇಬಲನ್ನು ಕ್ಷೇಮವಾಗಿ ದಾಟಿ, ಯಂತ್ರದ ನೆಟ್‌ವರ್ಕ್ ಕಾರ್ಡು ಮತ್ತು ಅಪ್ಲಿಕೇಶನ್ ನಡುವಿನ ಗೇಣುದ್ದದ ಹಾದಿಯಲ್ಲಿ ಸಾಯುತ್ತವೆ. ಎರಡು ಲಿನಕ್ಸ್ ಯಂತ್ರಗಳು, 10 ಗಿಗಾಬಿಟ್ ಕಾರ್ಡುಗಳು, ಬಂದ ಯುಡಿಪಿ (ತಲುಪಿತೇ ಎಂದು ಕೇಳದೆ ಕಳುಹಿಸುವ ವಿಧಾನ) ಪ್ಯಾಕೆಟ್‌ಗಳನ್ನು ಎಣಿಸುವ ಪುಟ್ಟ ಪ್ರೋಗ್ರಾಮ್. ಇಷ್ಟನ್ನು ಇಟ್ಟುಕೊಂಡು ಮೂರು ದಾರಿಗಳನ್ನು ಪರೀಕ್ಷಿಸಿದೆ.

ಮೊದಲು ಸಾಮಾನ್ಯ ಸಾಕೆಟ್, ಅಂದರೆ ಅಪ್ಲಿಕೇಶನ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಮೂಲಕ ನೆಟ್‌ವರ್ಕ್ ಬಳಸುವ ಮಾಮೂಲು ದಾರಿ. ಕಾರ್ಡು ಪ್ರೊಸೆಸರನ್ನು ಕೇಳದೆಯೇ ಡಿಎಂಎ ಮೂಲಕ ಪ್ಯಾಕೆಟನ್ನು ಮೆಮೊರಿಗೆ ಬರೆದು, ಇಂಟರಪ್ಟ್ ಕೊಟ್ಟು ಕರೆಯುತ್ತದೆ. ಕರ್ನಲ್ ಅಂಥ ಕರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಂಗಿನಲ್ಲಿ (ಪ್ಯಾಕೆಟ್‌ಗಳು ಕಾಯುವ ವರ್ತುಲ ಸಾಲಿನಲ್ಲಿ) ಕಾದಿರುವುದನ್ನು ಗುಂಪಾಗಿ ಎತ್ತಿಕೊಳ್ಳುತ್ತದೆ. ತಪಾಸಣೆ ಮುಗಿಸಿ ಅಪ್ಲಿಕೇಶನ್‌ನ ಮೆಮೊರಿಗೆ ನಕಲು ಮಾಡುತ್ತದೆ. 1500 ಬೈಟ್‌ನ ಪ್ಯಾಕೆಟ್‌ಗಳಾದರೆ ತುಂಬಿದ ಲೈನಿನಲ್ಲೂ ಸೆಕೆಂಡಿಗೆ ಸುಮಾರು 8.1 ಲಕ್ಷ ಮಾತ್ರ. ಇದನ್ನು ಅದು ತಕರಾರಿಲ್ಲದೆ ನಿಭಾಯಿಸಿತು.

64 ಬೈಟ್‌ನ ಪುಟ್ಟ ಫ್ರೇಮ್‌ಗಳನ್ನು (ಲೈನಿನ ಮೇಲೆ ಹೋಗುವ ರೂಪದ ಪ್ಯಾಕೆಟ್‌ಗಳನ್ನು) ಬಿಟ್ಟಾಗ ಕಥೆ ಬೇರೆ. ಸೆಕೆಂಡಿಗೆ 1.488 ಕೋಟಿ ಬರಬಹುದು. ಒಂದಕ್ಕೆ ಸಿಗುವ ಸಮಯ 67 ನ್ಯಾನೊಸೆಕೆಂಡ್. ಪ್ರೊಸೆಸರ್‌ನೊಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಗದ ಒಂದು ವಿಳಾಸಕ್ಕಾಗಿ ಮುಖ್ಯ ಮೆಮೊರಿಗೆ ಹೋಗಿಬಂದರೆ ಆ ಸಮಯ ಹೆಚ್ಚುಕಡಿಮೆ ಮುಗಿದೇಹೋಗುತ್ತದೆ. ಪ್ಯಾಕೆಟ್‌ಗಳು ರಾಶಿರಾಶಿಯಾಗಿ ಬಿದ್ದುಹೋದವು. ರಿಂಗನ್ನು 512 ಸ್ಥಾನಗಳಿಂದ 4096ಕ್ಕೆ ಹಿಗ್ಗಿಸಿದೆ. ತೂತಿರುವ ಕೊಡದ ಬದಲು ತೂತಿರುವ ಇನ್ನೂ ದೊಡ್ಡ ಕೊಡ ಇಟ್ಟಂತಾಯಿತು. ಪ್ರೊಸೆಸರ್‌ನ ಒಂದೇ ಕೋರ್ ಬೆವರುತ್ತಿತ್ತು, ಉಳಿದವು ಸುಮ್ಮನಿದ್ದವು. ಕಳುಹಿಸುವ ಪೋರ್ಟ್ ಸಂಖ್ಯೆಗಳನ್ನು ಬದಲಾಯಿಸುತ್ತ ಹೋದರೂ ಹಾಗೆಯೇ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಯುಡಿಪಿಯನ್ನು ಬೇರೆಬೇರೆ ಕೋರ್‌ಗಳ ಕ್ಯೂಗಳಿಗೆ (ಸರದಿ ಸಾಲುಗಳಿಗೆ) ಹಂಚುವಾಗ ನನ್ನ ಕಾರ್ಡು ಐಪಿ ವಿಳಾಸಗಳನ್ನಷ್ಟೇ ನೋಡುತ್ತಿತ್ತು. ಪೋರ್ಟುಗಳನ್ನೂ ನೋಡು ಎಂದು ಹೇಳಿದ ಮೇಲೆ ಕೆಲಸ ಎಲ್ಲ ಕೋರ್‌ಗಳಿಗೆ ಹಂಚಿತು, ನಷ್ಟ ಇಳಿಯಿತು. ನಿಲ್ಲಲಿಲ್ಲ.

ಎರಡನೆಯದು ಡಿಪಿಡಿಕೆ ಎಂಬ ಸಾಫ್ಟ್‌ವೇರ್ ಸಂಗ್ರಹ. ಕರ್ನಲನ್ನೇ ಬದಿಗೆ ಸರಿಸಿ, ಅಪ್ಲಿಕೇಶನ್ ತಾನೇ ರಿಂಗನ್ನು ಬಿಡುವಿಲ್ಲದೆ ಇಣುಕಿ ನೋಡುತ್ತದೆ. ಇಂಟರಪ್ಟ್ ಇಲ್ಲ, ನಕಲೂ ಇಲ್ಲ. ಲೆಕ್ಕ ಕರಾರುವಾಕ್ಕಾಗಿ ಬಂತು. ಆದರೆ ಒಂದು ಪ್ಯಾಕೆಟ್ ಬರದಿದ್ದರೂ ಆ ಕೋರ್ ನೂರಕ್ಕೆ ನೂರು ದುಡಿಯುತ್ತದೆ. ಕಾರ್ಡು ಕರ್ನಲ್‌ನ ಪಟ್ಟಿಯಿಂದಲೇ ಮಾಯ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ಗೆ ಏನೂ ಕಾಣದು, ಎಆರ್‌ಪಿಗೆ (‘ಈ ಐಪಿ ವಿಳಾಸ ಯಾರದು?’ ಎಂಬ ಪ್ರಶ್ನೆಗೆ) ಉತ್ತರಿಸುವ ಕೆಲಸವೂ ನಮ್ಮದೇ. ಒಮ್ಮೆ ಎಚ್ಚರಿಕೆಯನ್ನು ಲೆಕ್ಕಿಸದೆ, ನಾನು ದೂರದಿಂದ ಲಾಗಿನ್ ಆಗಿದ್ದ ಕಾರ್ಡಿನ ಕಿಂಡಿಯನ್ನೇ ಡಿಪಿಡಿಕೆಗೆ ಕೊಟ್ಟುಬಿಟ್ಟೆ. ಆಮೇಲೆ ಯಂತ್ರ ಇದ್ದ ಕೋಣೆಗೆ ನಡೆದೇ ಹೋದೆ.

ಮೂರನೆಯದು ಎಎಫ್-ಎಕ್ಸ್‌ಡಿಪಿ, 2018ರ ಲಿನಕ್ಸ್ 4.18ರಿಂದ ಇರುವುದು. ಡ್ರೈವರ್‌ನ ಬಾಗಿಲಲ್ಲೇ ಒಂದು ಚಿಕ್ಕ ಇಬಿಪಿಎಫ್ (ಕರ್ನಲ್‌ನೊಳಗೇ ಓಡುವ) ಪ್ರೋಗ್ರಾಮ್ ಕುಳಿತು, ಬೇಕಾದ ಪ್ಯಾಕೆಟನ್ನು ಅಪ್ಲಿಕೇಶನ್‌ನ ಮೆಮೊರಿಗೆ ತಿರುಗಿಸಿ, ಉಳಿದುದನ್ನು ಕರ್ನಲ್‌ಗೆ ಬಿಡುತ್ತದೆ. ಲಾಗಿನ್ ಉಳಿಯಿತು! ನಾಲ್ಕು ರಿಂಗುಗಳ ವ್ಯವಹಾರ ಮಾತ್ರ ಸ್ವಲ್ಪ ಕಿರಿಕಿರಿ: ಬಳಸಿದ ಬಫರ್‌ಗಳನ್ನು (ಪ್ಯಾಕೆಟ್ ಇಡುವ ಮೆಮೊರಿಯ ತುಂಡುಗಳನ್ನು) ಖಾಲಿ ಬಫರ್‌ಗಳ ಸಾಲಾದ ಫಿಲ್ ರಿಂಗಿಗೆ ಹಿಂದಿರುಗಿಸಲು ಮರೆತಿದ್ದರಿಂದ ಕೆಲವು ಸಾವಿರ ಪ್ಯಾಕೆಟ್‌ಗಳ ನಂತರ ಎಲ್ಲ ಸ್ತಬ್ಧವಾಯಿತು. ನಕಲಿಲ್ಲದ ವಿಧಾನಕ್ಕೆ ಡ್ರೈವರ್‌ನ ಬೆಂಬಲವೂ ಬೇಕು. ವೇಗದಲ್ಲಿ ಡಿಪಿಡಿಕೆಗಿಂತ ಒಂದು ಹೆಜ್ಜೆ ಹಿಂದೆ.

ಎಣಿಕೆಯ ಪ್ರೋಗ್ರಾಮನ್ನು ಈಗ ಎಎಫ್-ಎಕ್ಸ್‌ಡಿಪಿಯಲ್ಲೇ ಇಟ್ಟಿದ್ದೇನೆ. ಬೇರೆ ಕೆಲಸವೇ ಇಲ್ಲದ ಯಂತ್ರ ಸಿಕ್ಕರೆ ಡಿಪಿಡಿಕೆಗೆ ಕೊಟ್ಟೇನು. ದೊಡ್ಡ ಕಡತಗಳನ್ನು ಸಾಗಿಸುವ ಸರ್ವರ್‌ನಲ್ಲಿ ಸಾಕೆಟನ್ನು ಬದಲಾಯಿಸಲೇ ಇಲ್ಲ. ಅಲ್ಲಿ ಟಿಸಿಪಿಯ ದೊಡ್ಡ ತುಂಡುಗಳನ್ನು ಕತ್ತರಿಸುವ ಕೆಲಸವನ್ನು ಕಾರ್ಡೇ ಮಾಡಿಕೊಳ್ಳುತ್ತಿದೆ.