ದೂರದ ಜಾಗದಲ್ಲಿ ಕ್ಯಾಬಿನ್: ಗೋಡೆಗೆ ಸ್ಪ್ರೇ ಫೋಮಾ, ರಾಕ್‌ವೂಲಾ?

ಮೈನಸ್ 30 ಡಿಗ್ರಿ ಚಳಿ ಇರೋ ಕಡೆ ಊರಿಂದ ದೂರ ಜಾಗ ತಗೊಂಡು ಕ್ಯಾಬಿನ್ ಕಟ್ಟೋರು, ಚಳಿ ತಡೆಯೋಕೆ ಗೋಡೆ ಒಳಗೆ ಏನು ತುಂಬೋದು ಅಂತ ಕೇಳೋ ಮುಂಚೆ ಅಲ್ಲಿಗೆ ರೋಡ್ ಹೆಂಗಿದೆ ನೋಡ್ಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಲೆಕ್ಕದಲ್ಲಿ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮೇ (ಸಿಂಪಡಿಸಿದ್ಮೇಲೆ ಉಬ್ಬಿ ಗಟ್ಟಿಯಾಗೋ ಫೋಮ್) ಮುಂದೆ. ಇಂಚಿಗೆ ಆರ್ ವ್ಯಾಲ್ಯೂ (ಶಾಖ ದಾಟದಂಗೆ ತಡೆಯೋ ಶಕ್ತಿಯ ಅಳತೆ) ಸುಮಾರು 6ರಿಂದ 7, ಕಲ್ಲು ಕರಗಿಸಿ ಎಳೆ ಎಳೆಯಾಗಿ ಮಾಡೋ ರಾಕ್‌ವೂಲ್‌ದು 4ರ ಆಸುಪಾಸು. ಸಂದುಗೊಂದಿನಲ್ಲೆಲ್ಲ ಉಬ್ಬಿ ಗಾಳಿ ನುಸುಳದಂಗೆ ಮುಚ್ಚುತ್ತೆ ಬೇರೆ. ಆದ್ರೆ ದೊಡ್ಡ ಕೆಲಸಕ್ಕೆ ಮಿಷಿನ್ ಹೊತ್ತ ಟ್ರಕ್ ಬಾಗಿಲ ತನಕ ಬರ್ಬೇಕು, ಕೆಲಸ ಗೊತ್ತಿರೋರು ಬೇಕು, ಮರ ತೀರಾ ತಣ್ಣಗಿದ್ರೆ ಸರಿಯಾಗಿ ಅಂಟೋದೂ ಇಲ್ಲ. ರೇಟಂತೂ ಕೇಳ್ಲೇಬೇಡಿ.

ರಾಕ್‌ವೂಲ್ ಆದ್ರೆ ಕಟ್ಟು ಕಟ್ಟಾಗಿ ಸ್ಲೆಡ್ ಮೇಲೆ ಹಾಕ್ಕೊಂಡು ಹಿಮದಲ್ಲೂ ಎಳ್ಕೊಂಡು ಹೋಗ್ಬಹುದು, ಬ್ರೆಡ್ ಕುಯ್ಯೋ ಚಾಕು ಸಾಕು, ಸ್ಟಡ್ (ಗೋಡೆಯೊಳಗೆ ನಿಲ್ಲಿಸಿರೋ ಮರದ ಪಟ್ಟಿ) ನಡುವಿನ ಅಳತೆಗಿಂತ ಚೂರು ಜಾಸ್ತಿನೇ ಕುಯ್ದು ಒತ್ತಿಬಿಟ್ರೆ ಬಿಗಿಯಾಗಿ ಕೂರುತ್ತೆ. ಬೆಂಕಿನೂ ಹತ್ತಲ್ಲ, ಸೌದೆ ಒಲೆ ಇಡೋರಿಗೆ ಇದು ಸಣ್ಣ ವಿಷಯ ಅಲ್ಲ.

ತಲೆನೋವು ಇರೋದು ತೇವದ್ದು. ಒಳಗಿನ ಬೆಚ್ಚಗಿನ ಗಾಳಿ ಗೋಡೆಯೊಳಗೆ ನುಗ್ಗಿ ಹೊರಗಿನ ತಣ್ಣನೆ ಹಲಗೆಗೆ ತಾಗಿದ್ರೆ ಅಲ್ಲೇ ಐಸ್ ಕಟ್ಟುತ್ತೆ, ಆಮೇಲೆ ಕರಗಿ ಮರನ ಕೊಳೆಸುತ್ತೆ, ಹಾಗಾಗಿ ಒಳಗಡೆ ತೇವ ದಾಟದಂಗೆ ತಡೆಯೋ ವೇಪರ್ ಬ್ಯಾರಿಯರ್ ಶೀಟ್ ಹಾಕಿ ಸ್ವಿಚ್ ಬಾಕ್ಸ್ ಸುತ್ತಾನೂ ಟೇಪ್ ಹಚ್ಚೋ ತಾಳ್ಮೆ ಇರ್ಬೇಕು. ಆ ತಾಳ್ಮೆ ಇದ್ರೆ ನನ್ನ ಓಟು ರಾಕ್‌ವೂಲ್‌ಗೇ, ನೆಲ ಗೋಡೆ ಸೇರೋ ಅಂಚಿಗೆ ಮಾತ್ರ ಕ್ಯಾನ್ ಫೋಮ್ (ಡಬ್ಬಿಯಲ್ಲಿ ಬರೋ ಸ್ಪ್ರೇ ಫೋಮ್) ಹೊಡೀರಿ.